‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡುವ ಮುಂಚೆ

ದಾವಣಗೆರೆ, ಚಿತ್ರದುರ್ಗದ ಕಡೆ ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ಕೇಳುವುದು ‘ಯಾವೂರು?’ ಅಂತ. ಆಮೇಲೆ ‘ಅಲ್ಲಿ ಯಾರ ಪೈಕಿ?’ ಅಂತ. ಈ ಎರಡಕ್ಕೆ ಉತ್ತರ ಸಿಕ್ಕರೆ ಸಾಕು, ಎಲ್ಲೋ ಒಂದು ಕಡೆ ನಂಟು ಹತ್ತಿಬಿಡುತ್ತದೆ. ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ವರಾಂಡದಲ್ಲಿ ಈ ನಂಟು ಎಷ್ಟೋ ಜನರ ಕೈ ಹಿಡಿದಿದೆ. ಆದರೆ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರದ ಕೌನ್ಸೆಲರ್, ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಮಕ್ಕಳ ರಕ್ಷಣಾ ಘಟಕದವರು, ಸಮಾಜ ಕಾರ್ಯ ಓದುತ್ತಾ ಫೀಲ್ಡ್ ವರ್ಕಿಗೆ ಹೋಗುವ ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳು, ಇವರಿಗೆಲ್ಲ ತಮ್ಮಲ್ಲಿಗೆ ಬಂದವರ ಗುಟ್ಟು ಕಾಯುವ ಕೆಲಸ ಕಷ್ಟವಾಗುವುದೂ ಇದೇ ನಂಟಿನಿಂದ.

ಯಾಕೆ ಅಂತ ನೋಡಿ. ಇಬ್ಬರು ಕಾರ್ಯಕರ್ತೆಯರು ಆಸ್ಪತ್ರೆ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದಾರೆ ಅನ್ನಿ. ‘ಇವತ್ತೊಂದು ಕೇಸ್ ಬಂದಿತ್ತು ಕಣೇ. ಜಗಳೂರು ಕಡೆ ಹೆಣ್ಣುಮಗಳು. ಎಪಿಎಂಸಿಲಿ ಮೆಕ್ಕೆಜೋಳ ಹಸನು ಮಾಡೋಕೆ ಹೋಗ್ತಾಳೆ. ಗಂಡ ಲಾರಿ ಓಡಿಸ್ತಾನೆ. ದುಗ್ಗಮ್ಮನ ಜಾತ್ರೆ ಮುಗಿದ ಮಾರನೇ ದಿನ ಹೊಡೆದು ಹೊರಗೆ ಹಾಕಿದಾನಂತೆ.’ ಹೆಸರು ಹೇಳಿಲ್ಲ. ವಿಳಾಸ ಹೇಳಿಲ್ಲ. ಆದರೂ ಪಕ್ಕದಲ್ಲಿ ಟೀ ಕುಡಿಯುತ್ತಿರುವ ಹಮಾಲಿಗೆ ಅದು ಯಾರು ಅಂತ ಗೊತ್ತಾಗಿಹೋಯಿತು. ಸಂಜೆ ಹೊತ್ತಿಗೆ ಗಂಡನಿಗೂ ಗೊತ್ತಾಗುತ್ತದೆ. (ಈ ಲೇಖನದಲ್ಲಿ ಬರುವ ಉದಾಹರಣೆಗಳೆಲ್ಲ ನಾನು ಕಟ್ಟಿದವು. ನಡೆದ ಕೇಸನ್ನು ಹೆಸರು ಬದಲಿಸಿ ಬರೆದರೂ ನಮ್ಮ ಕಡೆ ಸಾಲದು.)

ನಾಲ್ಕು ವಿವರ ಒಟ್ಟಿಗೆ ಸೇರಿದರೆ ಅದೇ ಹೆಸರು. ನಮ್ಮ ಕಾನೂನಿಗೂ ಇದು ಗೊತ್ತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 23ನೇ ಕಲಂ ಮಗುವಿನ ಹೆಸರನ್ನಷ್ಟೇ ಅಲ್ಲ, ವಿಳಾಸ, ಫೋಟೋ, ಮನೆಯವರ ವಿವರ, ಶಾಲೆ, ಓಣಿ, ಗುರುತು ಹತ್ತಿಸುವ ಬೇರೆ ಯಾವುದನ್ನೂ ಮಾಧ್ಯಮದಲ್ಲಿ ಹಾಕಬಾರದು ಅನ್ನುತ್ತದೆ. ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನಲ್ಲೂ ಇಂಥದೇ ನಿಷೇಧ ಇದೆ. ಮೀರಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅತ್ಯಾಚಾರಕ್ಕೆ ಒಳಗಾದವರ ಗುರುತು ದೂರದಿಂದಲೂ ಸಿಗುವ ಹಾಗೆ ಏನನ್ನೂ ಪ್ರಕಟಿಸಬಾರದು ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ, ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿತು.

ಹಾಗಾದರೆ ಬಾಯಿ ಮುಚ್ಚಿಕೊಂಡಿದ್ದರೆ ಆಯಿತಲ್ವಾ? ಆಗುವುದಿಲ್ಲ. ಒಬ್ಬ ಹೆಣ್ಣುಮಗಳಿಗೆ ಡಾಕ್ಟರು ಬೇಕು, ವಕೀಲರು ಬೇಕು, ಉಳಿಯಲು ಜಾಗ ಬೇಕು, ಮಕ್ಕಳಿಗೆ ಶಾಲೆ ಬೇಕು. ಇಷ್ಟು ಜನಕ್ಕೆ ಏನೂ ಹೇಳದೆ ಸಹಾಯ ಮಾಡಲು ಬರುವುದಿಲ್ಲ. ಎಲ್ಲರಿಗೂ ಎಲ್ಲವನ್ನೂ ಹೇಳಿದರೆ ಆಕೆ ಮತ್ತೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಹಾಗಾಗಿ ಯಾರಿಗೆ, ಯಾಕೆ, ಎಷ್ಟು ಹೇಳಬೇಕು ಅನ್ನುವುದನ್ನು ಪ್ರತಿಸಲವೂ ಯೋಚಿಸಿಯೇ ತೀರ್ಮಾನ ಮಾಡಬೇಕು. ಆ ತೀರ್ಮಾನದಲ್ಲಿ ಮೊದಲ ಮಾತು ಆಕೆಯದು. ವಿಷಯ ಆಕೆಯದು, ನಮ್ಮದಲ್ಲ.

ಇದನ್ನು ನಾವು ಕ್ಲಾಸಿನಲ್ಲಿ ಓದಿರುತ್ತೇವೆ. ಸಮಾಜ ಕಾರ್ಯದ ಚಿಂತಕ ಬೀಸ್ಟೆಕ್ ಹೇಳಿದ ಏಳು ತತ್ವಗಳಲ್ಲಿ ಕೊನೆಯದು ಗೌಪ್ಯತೆ. ಸಮಾಜ ಕಾರ್ಯಕರ್ತರ ಅಂತರರಾಷ್ಟ್ರೀಯ ಒಕ್ಕೂಟ 2018ರಲ್ಲಿ ಒಪ್ಪಿದ ನೀತಿ ತತ್ವಗಳಲ್ಲೂ ಅದಿದೆ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ವಕೀಲರಿಗೆ ಬಾರ್ ಕೌನ್ಸಿಲ್ ಇರುವ ಹಾಗೆ ಎಲ್ಲ ಸಮಾಜ ಕಾರ್ಯಕರ್ತರಿಗೂ ಸೇರಿ ಒಂದು ಶಾಸನಬದ್ಧ ಪರಿಷತ್ತು ನಮ್ಮ ದೇಶದಲ್ಲಿ ಇಲ್ಲ. 2021ರಲ್ಲಿ ಬಂದ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಸೇರಿಸಿಕೊಂಡಿದೆ, ಅಷ್ಟೇ. ಉಳಿದವರ ಕೈಯಲ್ಲಿರುವುದು ಬೇರೆ ಬೇರೆ ಕಾಯ್ದೆಗಳ ಬಿಡಿ ಬಿಡಿ ಕಲಮುಗಳು, ಸಂಸ್ಥೆಯ ನಿಯಮ, ಮತ್ತೆ ಅವರವರ ಮನಸ್ಸಾಕ್ಷಿ. ಹಾಗಾಗಿ ಆ ಕಲಮುಗಳನ್ನು ಸರಿಯಾಗಿ ತಿಳಿದುಕೊಂಡಿರಬೇಕು.

ಮೊದಲ ಭೇಟಿಯಲ್ಲಿ ಹೇಳಬೇಕಾದ ಮಾತು

ಹೊಸದಾಗಿ ಕೆಲಸಕ್ಕೆ ಸೇರಿದವರು ಸಾಮಾನ್ಯವಾಗಿ ಹೀಗೆ ಶುರು ಮಾಡುತ್ತಾರೆ: ‘ಅಕ್ಕಾ, ನೀವು ಏನೇ ಹೇಳಿದ್ರೂ ಯಾರಿಗೂ ಹೇಳಲ್ಲ.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಇದು ನಿಲ್ಲುವ ಮಾತಲ್ಲ. ಅರ್ಧ ಗಂಟೆ ಆದ ಮೇಲೆ ಆ ಅಕ್ಕ, ‘ನನ್ನ ಹದಿನಾಲ್ಕು ವರ್ಷದ ಮಗಳ ಮೇಲೆ ಮೈದುನ ಕೈ ಹಾಕ್ತಾನೆ’ ಅಂದರೆ? ಕಾನೂನಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆಗ ಆಕೆ ಕೇಳುತ್ತಾಳೆ: ‘ಯಾರಿಗೂ ಹೇಳಲ್ಲ ಅಂದಿದ್ರಲ್ಲ?’ ಅದಕ್ಕೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಅದಕ್ಕೇ ಮಿತಿಯನ್ನು ಮೊದಲೇ ಹೇಳಬೇಕು. ಆಕೆ ಬಾಯಿ ತೆರೆಯುವ ಮುಂಚೆ. ಹೀಗೆ ಹೇಳಬಹುದು:

‘ಅಕ್ಕಾ, ನೀವು ಹೇಳಿದ್ದು ನನ್ನ ಹತ್ತಿರ ಇರುತ್ತೆ. ನಿಮ್ಮ ಗಂಡ, ಅತ್ತೆ, ತವರಿನವರು, ಊರಿನವರು ಯಾರೇ ಬಂದು ಕೇಳಿದರೂ ನಿಮ್ಮನ್ನ ಕೇಳದೆ ಹೇಳಲ್ಲ. ಆದರೆ ಕೆಲವು ವಿಷಯ ನಾನು ಒಳಗೆ ಇಟ್ಟುಕೊಳ್ಳೋಕೆ ಆಗಲ್ಲ. ಹದಿನೆಂಟು ತುಂಬದ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ರೆ ತಿಳಿಸಲೇಬೇಕು. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನಿಸಿದ್ರೆ ಸುಮ್ನೆ ಕೂರೋಕೆ ಆಗಲ್ಲ. ಕೋರ್ಟ್ ಕೇಳಿದ್ರೆ ಕೊಡಬೇಕಾಗುತ್ತೆ. ನಮ್ಮ ಮೇಲಿನವರ ಹತ್ತಿರ ಕೇಸಿನ ಬಗ್ಗೆ ಸಲಹೆ ಕೇಳ್ತೀನಿ. ಹೇಳೋ ಪ್ರಸಂಗ ಬಂದ್ರೆ ಮೊದಲು ನಿಮಗೆ ತಿಳಿಸ್ತೀನಿ.’

ಇಷ್ಟು ಹೇಳಲು ಒಂದು ನಿಮಿಷ ಸಾಕು. ‘ಹೀಗೆಲ್ಲ ಹೇಳಿದರೆ ಅವರು ಏನೂ ಹೇಳದೆ ಎದ್ದು ಹೋಗ್ತಾರೆ’ ಎಂದು ವಿದ್ಯಾರ್ಥಿಗಳು ವಾದಿಸುತ್ತಾರೆ. ಕೆಲವರು ಹೋಗುತ್ತಾರೆ, ನಿಜ. ಆದರೆ ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ಅವರ ಕೈಯಲ್ಲೇ ಉಳಿಯಬೇಕಾದ ಹಕ್ಕು. ಸುಳ್ಳು ಭರವಸೆ ಕೊಟ್ಟು ಬಾಯಿ ಬಿಡಿಸುವುದು ಸಹಾಯ ಅಲ್ಲ.

ಅದೇ ಭೇಟಿಯಲ್ಲಿ ಇನ್ನೆರಡು ಸಣ್ಣ ವಿಷಯ ಮಾತಾಡಿಕೊಳ್ಳಿ. ಒಂದು, ಫೋನ್. ಕೊಟ್ಟ ನಂಬರ್ ಯಾರದು? ಎಷ್ಟೋ ಮನೆಯಲ್ಲಿ ಅದು ಗಂಡನ ಫೋನ್, ಇಲ್ಲವೇ ಮಗನ ಫೋನ್. ಯಾವ ಹೊತ್ತಿಗೆ ಮಾಡಬೇಕು, ಬೇರೆಯವರು ಎತ್ತಿದರೆ ಏನಂತ ಹೇಳಬೇಕು ಎಂದು ಆಕೆಯನ್ನೇ ಕೇಳಿ ಬರೆದುಕೊಳ್ಳಿ. ಎರಡು, ರಸ್ತೆ. ದಾವಣಗೆರೆ ದೊಡ್ಡ ಊರು ಅನಿಸಿದರೂ ಕೆ.ಆರ್. ಮಾರುಕಟ್ಟೆಯಲ್ಲಿ ವಾರಕ್ಕೊಮ್ಮೆಯಾದರೂ ಎದುರಾಗುತ್ತೀರಿ. ‘ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸಲ್ಲ. ನೀವು ಮಾತಾಡಿಸಿದ್ರೆ ಮಾತಾಡ್ತೀನಿ. ಬೇಜಾರು ಮಾಡ್ಕೋಬೇಡಿ’ ಎಂದು ಹೇಳಿಬಿಡಿ. ಆಕೆಯ ಜೊತೆ ಅತ್ತೆ ಇದ್ದರೆ ‘ಇವರು ಯಾರು, ನಿನಗೆ ಹೆಂಗೆ ಪರಿಚಯ?’ ಎಂಬ ಒಂದು ಪ್ರಶ್ನೆಯಿಂದಲೇ ರಾತ್ರಿ ಜಗಳ ಶುರುವಾಗಬಹುದು.

ಕಾನೂನೇ ಹೇಳು ಅನ್ನುವಾಗ

ಪೋಕ್ಸೋ ಕಾಯ್ದೆ ಬಂದಿದ್ದು 2012ರಲ್ಲಿ. ಅದರ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ, ಅಥವಾ ನಡೆಯಬಹುದು ಎಂಬ ಅನುಮಾನ ಬಂದ ಯಾರೇ ಆದರೂ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಬೇಕು. ತಿಳಿಸದೆ ಇದ್ದರೆ 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರಾಗಿದ್ದು, ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಇಲ್ಲಿ ‘ತಾಯಿ ಬೇಡ ಅಂದಳು’ ಎಂಬ ಕಾರಣ ನಡೆಯುವುದಿಲ್ಲ.

ಆದರೆ ತಿಳಿಸುವುದು ಅಂದರೆ ಊರಿಗೆ ಹೇಳುವುದಲ್ಲ. ಪೊಲೀಸರಿಗೆ ತಿಳಿಸಿದ ಮೇಲೆ ಶಾಲೆಯ ಎಲ್ಲ ಮೇಷ್ಟ್ರಿಗೂ ಹೇಳುವ, ಗ್ರಾಮ ಪಂಚಾಯಿತಿ ಸದಸ್ಯರನ್ನು ಕೂರಿಸಿಕೊಂಡು ಮಾತಾಡುವ ಅಗತ್ಯ ಏನೂ ಇಲ್ಲ. ಮಗುವಿಗೆ ನೆರವಾಗಲು ಮಕ್ಕಳ ಕಲ್ಯಾಣ ಸಮಿತಿ ನೇಮಿಸುವ ಬೆಂಬಲ ವ್ಯಕ್ತಿ ಕೂಡ ಮಗುವಿನ ವಿಷಯ ಗುಟ್ಟಾಗಿ ಇಡಲು ಬದ್ಧ ಎಂದು 2020ರ ಪೋಕ್ಸೋ ನಿಯಮಗಳು ಹೇಳುತ್ತವೆ. ಕಡ್ಡಾಯವಾಗಿ ತಿಳಿಸುವಾಗಲೂ ಮಗುವಿನ ಹತ್ತಿರ, ಅದಕ್ಕೆ ಅರ್ಥವಾಗುವ ಮಾತಿನಲ್ಲಿ, ಮುಂದೆ ಏನೇನು ಆಗುತ್ತದೆ ಎಂದು ಹೇಳಬೇಕು. ಯಾರು ಬರುತ್ತಾರೆ, ಏನು ಕೇಳುತ್ತಾರೆ, ಅಮ್ಮ ಜೊತೆಗೆ ಇರುತ್ತಾರಾ ಎಂಬುದನ್ನು. ಮಗುವಿಗೆ ಹೇಳದೆ ಪೊಲೀಸರನ್ನು ಕರೆಸಿದರೆ ಅದರ ಪಾಲಿಗೆ ಮತ್ತೊಬ್ಬ ದೊಡ್ಡವರು ಮಾತು ತಪ್ಪಿದಂತೆ.

ಎಲ್ಲಕ್ಕಿಂತ ಇಕ್ಕಟ್ಟಿನದು ಬಸುರಾದ ಹುಡುಗಿಯ ಪ್ರಶ್ನೆ. ಬಾಲ್ಯವಿವಾಹ ನಮ್ಮ ಎರಡೂ ಜಿಲ್ಲೆಗಳ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಹದಿನೇಳರ ಹುಡುಗಿ, ತನಗೆ ಇಷ್ಟವಾದ ಹುಡುಗನ ಜೊತೆ ಇದ್ದು ಗರ್ಭಿಣಿಯಾಗಿದ್ದಾಳೆ. ಗರ್ಭಪಾತ ಮಾಡಿಸಿಕೊಳ್ಳಬೇಕು, ಆದರೆ ಪೊಲೀಸ್ ಕೇಸ್ ಆಗುತ್ತದೆಂಬ ಹೆದರಿಕೆಗೆ ಆಸ್ಪತ್ರೆಗೆ ಬರುತ್ತಿಲ್ಲ. ಬರದೆ ನಾಟಿ ಔಷಧಿಗೆ ಹೋದರೆ ಜೀವಕ್ಕೇ ಅಪಾಯ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ತೋರಿಸಿತು. ವೈದ್ಯರು ಪೊಲೀಸರಿಗೆ ಮಾಹಿತಿ ಕೊಡಲೇಬೇಕು, ಆದರೆ ಹುಡುಗಿ ಮತ್ತು ಆಕೆಯ ಪೋಷಕರು ಕೇಳಿಕೊಂಡರೆ ಅದರಲ್ಲಿ ಆಕೆಯ ಹೆಸರು, ಗುರುತು ಹೇಳಬೇಕಾಗಿಲ್ಲ. ಇದು ಗರ್ಭಪಾತ ಮಾಡುವ ನೋಂದಾಯಿತ ವೈದ್ಯರಿಗೆ ಹೇಳಿದ ಮಾತು, ಎಲ್ಲರಿಗೂ ಅಲ್ಲ. ಆದರೂ ಕೌನ್ಸೆಲರ್‌ಗೆ ಇದು ಗೊತ್ತಿದ್ದರೆ ಆ ಹುಡುಗಿಯನ್ನು ಸರಿಯಾದ ಬಾಗಿಲಿಗೆ ಕಳಿಸಬಹುದು.

ಇನ್ನೊಬ್ಬರ ಜೀವ

1969ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಮನಃಶಾಸ್ತ್ರಜ್ಞರ ಹತ್ತಿರ, ಒಬ್ಬ ಹುಡುಗಿಯನ್ನು ಕೊಲ್ಲುತ್ತೇನೆ ಎಂದು ಹೇಳಿದ್ದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಹಿಡಿದು, ಮಾತಾಡಿಸಿ, ಬಿಟ್ಟರು. ಹುಡುಗಿಗೆ ಯಾರೂ ಹೇಳಲಿಲ್ಲ. ಅವನು ಕೊಂದೇಬಿಟ್ಟ. 1976ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸುಪ್ರೀಂ ಕೋರ್ಟ್, ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಚಿಕಿತ್ಸಕರ ಮೇಲೂ ಇದೆ ಎಂದಿತು. ಟರಾಸಾಫ್ ಪ್ರಕರಣ ಎಂದು ಇದನ್ನು ಜಗತ್ತಿನ ಎಷ್ಟೋ ಕಡೆ ಪಾಠವಾಗಿ ಓದುತ್ತಾರೆ. ಅದು ನಮಗೆ ಕಾನೂನಲ್ಲ. ನಮಗೆ ಇರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ. ಮಾನಸಿಕ ಅಸ್ವಸ್ಥತೆ ಇರುವವರ ವಿವರ ಗುಟ್ಟಾಗಿ ಇರಬೇಕು ಎಂದು ಅದು ಮೊದಲು ಹೇಳುತ್ತದೆ. ಆಮೇಲೆ ಇನ್ನೊಬ್ಬರಿಗೆ ಆಗುವ ಹಾನಿ, ಜೀವಕ್ಕೆ ಬೆದರಿಕೆ, ಕೋರ್ಟಿನ ಆದೇಶ ಇಂಥ ಕೆಲವು ಸಂದರ್ಭಗಳನ್ನು ಹೊರಗಿಡುತ್ತದೆ. ಅದರಲ್ಲಿ ಒಂದು ಮಾತು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಹಾನಿ ತಪ್ಪಿಸಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಹೊರಗೆ ಬಿಡಬೇಕು. ‘ಅವನು ಇವತ್ತು ನಿಮ್ಮ ಮನೆಗೆ ಬರಬಹುದು, ಬಾಗಿಲು ಹಾಕಿಕೊಳ್ಳಿ, 112ಕ್ಕೆ ಫೋನ್ ಮಾಡಿ’ ಅನ್ನುವುದು ಬೇಕಾದಷ್ಟು. ಅವನಿಗೆ ಯಾವ ಕಾಯಿಲೆ, ಯಾವ ಮಾತ್ರೆ ಅನ್ನುವುದು ಬೇಕಿಲ್ಲ.

ಎಚ್‌ಐವಿ ವಿಷಯಕ್ಕೆ ಬಂದರೆ ನಮ್ಮ ಕಾನೂನು ನಡೆದುಬಂದ ದಾರಿ ಗೊತ್ತಿರಬೇಕು. 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ರಕ್ತ ಕೊಡಲು ಹೋದವರಿಗೆ ಎಚ್‌ಐವಿ ಇರುವುದು ಗೊತ್ತಾಗಿ, ಆಸ್ಪತ್ರೆಯಿಂದ ಆ ಸುದ್ದಿ ಹೊರಬಿದ್ದು, ಅವರ ಮದುವೆ ನಿಂತಿತ್ತು. ಮದುವೆಯಾಗಬೇಕಿದ್ದ ಹೆಣ್ಣಿನ ಜೀವದ ಹಕ್ಕು ದೊಡ್ಡದು, ಆಸ್ಪತ್ರೆಯದು ತಪ್ಪಲ್ಲ ಎಂದು ಕೋರ್ಟ್ ಹೇಳಿತು. ಆಮೇಲೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದು ಈ ಪ್ರಶ್ನೆಯನ್ನು ತುಂಬಾ ಎಚ್ಚರದಿಂದ ಬಿಡಿಸಿದೆ.

ಚಿತ್ರದುರ್ಗ, ದಾವಣಗೆರೆ ಎರಡೂ ಇರುವುದು 48ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ. ಲಾರಿ ಓಡಿಸುವ ಮನೆಗಳು ಇಲ್ಲಿ ಜಾಸ್ತಿ. ಒಬ್ಬ ಡ್ರೈವರ್‌ಗೆ ಎಚ್‌ಐವಿ ಪರೀಕ್ಷೆ ಮಾಡುವ ಐಸಿಟಿಸಿ ಕೇಂದ್ರದಲ್ಲಿ ಪಾಸಿಟಿವ್ ಬಂತು ಅನ್ನಿ. ‘ಹೆಂಡತಿಗೆ ಮಾತ್ರ ಹೇಳಬೇಡಿ ಸರ್’ ಎಂದು ಕೈ ಮುಗಿಯುತ್ತಾನೆ. ಕೌನ್ಸೆಲರ್ ಏನು ಮಾಡಬೇಕು? ಎಚ್‌ಐವಿ ಕಾಯ್ದೆಯ 9ನೇ ಕಲಂ ಪ್ರಕಾರ ಸಂಗಾತಿಗೆ ಹೇಳುವ ಅಧಿಕಾರ ಇರುವುದು ಅವನ ಆರೈಕೆ ನೋಡುತ್ತಿರುವ ವೈದ್ಯರಿಗೆ ಅಥವಾ ಕೌನ್ಸೆಲರ್‌ಗೆ ಮಾತ್ರ. ಆಶಾ ಕಾರ್ಯಕರ್ತೆಗಾಗಲಿ, ಲ್ಯಾಬಿನವರಿಗಾಗಲಿ, ಎನ್‌ಜಿಒ ವಾಲಂಟಿಯರ್‌ಗಾಗಲಿ ಅಲ್ಲ. ಹೇಳುವ ಮುಂಚೆ ನಾಲ್ಕು ಸಂಗತಿ ಸರಿಹೋಗಬೇಕು. ಹೆಂಡತಿಗೆ ಸೋಂಕು ತಗಲುವ ಅಪಾಯ ಗಂಭೀರವಾಗಿದೆ ಎಂದು ನಂಬಲು ಕಾರಣ ಇರಬೇಕು. ನೀನೇ ಹೇಳು ಎಂದು ಅವನಿಗೆ ಕೌನ್ಸೆಲಿಂಗ್ ಆಗಿರಬೇಕು. ಆದರೂ ಅವನು ಹೇಳುವುದಿಲ್ಲ ಎಂದು ಖಾತ್ರಿಯಾಗಿರಬೇಕು. ‘ನಾನು ಹೇಳುತ್ತೇನೆ’ ಎಂದು ಅವನಿಗೆ ಮುಂಚೆಯೇ ತಿಳಿಸಿರಬೇಕು. ಅಷ್ಟಾದ ಮೇಲೂ ಎದುರಿಗೆ ಕೂರಿಸಿಕೊಂಡು, ಕೌನ್ಸೆಲಿಂಗ್ ಮಾಡಿಯೇ ಹೇಳಬೇಕು. ಫೋನಿನಲ್ಲಿ ಹೇಳುವ ಹಾಗಿಲ್ಲ.

ಈಗ ತಿರುಗಿಸಿ ನೋಡಿ. ಪಾಸಿಟಿವ್ ಬಂದಿರುವುದು ಹೆಂಡತಿಗೆ. ಗಂಡನಿಗೆ ಹೇಳಿದರೆ ಹೊಡೆಯುತ್ತಾನೆ, ಮನೆಯಿಂದ ಹೊರಗೆ ಹಾಕುತ್ತಾನೆ ಎಂಬ ಭಯಕ್ಕೆ ಸರಿಯಾದ ಕಾರಣ ಇದೆ. ಆಗ ಹೇಳಕೂಡದು ಎಂದು ಅದೇ ಕಲಂ ಹೇಳುತ್ತದೆ. ಆಕೆಗಷ್ಟೇ ಅಲ್ಲ, ಆಕೆಯ ಮಕ್ಕಳಿಗೆ, ತಂದೆತಾಯಿಗೆ, ಹತ್ತಿರದವರಿಗೆ ತೊಂದರೆಯಾಗುವ ಭಯ ಇದ್ದರೂ ಹೇಳಬಾರದು. ಬಸುರಿನ ತಪಾಸಣೆಯಲ್ಲಿ ಗಂಡನಿಗಿಂತ ಮೊದಲು ಹೆಂಡತಿಗೆ ಗೊತ್ತಾಗಿ, ‘ನೀನೇ ತಂದಿದ್ದು’ ಎಂಬ ಅಪವಾದ ಹೊತ್ತು ತವರಿಗೆ ಬಂದ ಹೆಣ್ಣುಮಕ್ಕಳನ್ನು ಕಂಡವರಿಗೆ ಈ ಸಾಲಿನ ಬೆಲೆ ಗೊತ್ತು. ಕಾಯ್ದೆ ಬರೆದವರು ಹೆಣ್ಣುಮಕ್ಕಳ ಕಷ್ಟ ಅರಿತು ಬರೆದಿದ್ದಾರೆ. ಅದನ್ನು ಬಳಸಿಕೊಳ್ಳುವುದು ನಮ್ಮ ಕೆಲಸ.

ಅತ್ತೆಗೆ, ನಾದಿನಿಗೆ, ಊರಿನ ಹಿರಿಯರಿಗೆ ಹೇಳಲು ಕಾನೂನಿನಲ್ಲಿ ಎಲ್ಲೂ ಜಾಗ ಇಲ್ಲ.

ಒಂದು ಪತ್ರ, ಎರಡು ಬಗೆ

ದಿನನಿತ್ಯ ನಾವು ಮಾಹಿತಿ ಹಂಚಿಕೊಳ್ಳುವುದು ಕೋರ್ಟಿನಲ್ಲೂ ಅಲ್ಲ, ಪೊಲೀಸ್ ಠಾಣೆಯಲ್ಲೂ ಅಲ್ಲ. ಒಬ್ಬರನ್ನು ಬೇರೆ ಕಡೆ ನೆರವಿಗೆ ಕಳಿಸುವಾಗ ಬರೆಯುವ ರೆಫರಲ್ ಪತ್ರದಲ್ಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆದ ಒಂದು ಪತ್ರ ಹೀಗಿದೆ ಎಂದುಕೊಳ್ಳಿ:

‘ಈ ಪತ್ರ ತರುತ್ತಿರುವ ಮಹಿಳೆ ಮದುವೆಗೆ ಮುಂಚೆ ಬೇರೊಬ್ಬರನ್ನು ಪ್ರೀತಿಸುತ್ತಿದ್ದು, ಇದರಿಂದ ಗಂಡ ಅನುಮಾನ ಪಟ್ಟು ಕುಡಿದು ಹೊಡೆಯುತ್ತಿದ್ದು, ಮನನೊಂದು ಎರಡು ಬಾರಿ ಮಾತ್ರೆ ನುಂಗಿದ್ದು, ಸದ್ಯ ತವರಿನಲ್ಲಿದ್ದು, ಇವರಿಗೆ ಜೀವನಾಂಶ ಕೊಡಿಸಿಕೊಡಬೇಕಾಗಿ ಕೋರಿದೆ.’

ಬರೆದವರ ಕಾಳಜಿ ಕಾಣುತ್ತದೆ. ಆದರೆ ಜೀವನಾಂಶದ ಅರ್ಜಿಗೆ ಮದುವೆಗೆ ಮುಂಚಿನ ಪ್ರೀತಿ ಯಾಕೆ ಬೇಕು? ಮಾತ್ರೆ ನುಂಗಿದ್ದು ಯಾಕೆ ಬೇಕು? ಈ ಪತ್ರ ಮೊದಲು ಗುಮಾಸ್ತರ ಕೈಗೆ ಹೋಗುತ್ತದೆ, ಆಮೇಲೆ ಫೈಲಿಗೆ. ನಾಳೆ ಅದೇ ಕಾಗದ ಗಂಡನ ಕಡೆಯ ವಕೀಲರ ಕೈಗೆ ಸಿಕ್ಕರೆ ‘ಈಕೆಗೆ ಬುದ್ಧಿ ಸ್ಥಿಮಿತ ಇಲ್ಲ, ಮಕ್ಕಳನ್ನು ನಮಗೆ ಕೊಡಿ’ ಎನ್ನಲು ಅಷ್ಟೇ ಸಾಕು. ಅದೇ ಪತ್ರವನ್ನು ಹೀಗೆ ಬರೆಯಬಹುದು:

‘ಇವರು ಗಂಡನಿಂದ ಜೀವನಾಂಶ ಕೋರಿ ಅರ್ಜಿ ಹಾಕಲು ಉಚಿತ ಕಾನೂನು ನೆರವು ಬಯಸಿದ್ದಾರೆ. ಮದುವೆಯಾಗಿ 6 ವರ್ಷ. ಇಬ್ಬರು ಮಕ್ಕಳು ಇವರ ಜೊತೆಯಲ್ಲಿದ್ದಾರೆ. ಸದ್ಯ ತವರಿನಲ್ಲಿ ವಾಸ. ಉಳಿದ ವಿವರ ಇವರೇ ವಕೀಲರಿಗೆ ತಿಳಿಸುತ್ತಾರೆ.’

ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹಾಗೆಂದು ಇದೆ. ಹಾಗಾಗಿ ಕರುಣೆ ಹುಟ್ಟಿಸಲು ಕಥೆ ಬರೆಯಬೇಕಾಗಿಯೇ ಇಲ್ಲ. ಇದೇ ಹೆಣ್ಣುಮಗಳನ್ನು ಮನೋವೈದ್ಯರ ಹತ್ತಿರ ಕಳಿಸುವಾಗ ಮಾತ್ರೆ ನುಂಗಿದ್ದನ್ನು ಖಂಡಿತ ಬರೆಯಬೇಕು, ಯಾವ ಮಾತ್ರೆ, ಯಾವಾಗ ಎಂಬುದನ್ನೂ. ಅಲ್ಲಿ ಗಂಡನ ಸಂಬಳ ಬೇಕಿಲ್ಲ. ಮಕ್ಕಳನ್ನು ಸೇರಿಸುವ ಶಾಲೆಯ ಹೆಡ್‌ಮೇಷ್ಟ್ರಿಗೆ ‘ಟಿಸಿ ಬರುವುದು ತಡವಾಗುತ್ತದೆ, ಮಕ್ಕಳನ್ನು ತಾಯಿ ಅಥವಾ ಅಜ್ಜನ ಜೊತೆ ಮಾತ್ರ ಕಳಿಸಿ’ ಎಂದರೆ ಮುಗಿಯಿತು. ಹೊಡೆತದ ಕಥೆ ಸ್ಟಾಫ್ ರೂಮಿಗೆ ಬೇಡ.

ಪತ್ರವನ್ನು ಕವರಿಗೆ ಹಾಕಿ ಅಂಟಿಸುವ ಮುಂಚೆ ಆಕೆಯ ಎದುರಿಗೇ ಜೋರಾಗಿ ಓದಿ. ‘ಇದನ್ನ ತೆಗೀಲಾ?’ ಎಂದು ಕೇಳಿ. ಆಕೆ ‘ಅದೊಂದು ಬೇಡ ಮೇಡಂ’ ಅಂದಿದ್ದನ್ನು ತೆಗೆಯಿರಿ. ‘ಇಲ್ಲಿ ಸಹಿ ಹಾಕಮ್ಮ’ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಕ್ಕಿಂತ ಈ ಎರಡು ನಿಮಿಷಕ್ಕೆ ಬೆಲೆ ಜಾಸ್ತಿ. ಆಸ್ಪತ್ರೆಗೆ ಹೇಳಲು ಆಕೆ ಒಪ್ಪಿದ್ದಾಳೆ ಅಂದರೆ ಶಾಲೆಗೂ ಹೇಳಬಹುದು ಅಂತಲ್ಲ. ಹೊಸ ಕಡೆ ಹೇಳಬೇಕಾದಾಗ ಮತ್ತೆ ಕೇಳಬೇಕು.

‘ನಾವೇನು ಹೊರಗಿನವರಾ?’

ಮನೆಯವರನ್ನು ಎದುರಿಸುವುದೇ ನಮ್ಮ ಕಡೆ ನಿಜವಾದ ಕಷ್ಟ. ಅತ್ತೆ ಬಂದು ಕೂರುತ್ತಾರೆ. ‘ನಮ್ಮ ಸೊಸೆ ಬಂದಿದ್ಲಾ? ಏನಂದ್ಲು? ನಾವೇನು ಹೊರಗಿನವರಾ?’ ಇದಕ್ಕೆ ‘ಬಂದಿದ್ದರು, ಆದರೆ ಹೇಳೋಕಾಗಲ್ಲ’ ಎಂದರೆ ಅರ್ಧ ಹೇಳಿದ ಹಾಗೇ ಆಯಿತು. ಬಂದಿದ್ದರೂ ಬರದಿದ್ದರೂ ಒಂದೇ ಉತ್ತರ ಇರಬೇಕು: ‘ಅಮ್ಮಾ, ಇಲ್ಲಿಗೆ ಯಾರು ಬರ್ತಾರೆ, ಏನು ಹೇಳ್ತಾರೆ ಅನ್ನೋದನ್ನ ಅವರನ್ನ ಕೇಳದೆ ಹೇಳೋಕೆ ಬರಲ್ಲ. ನೀವು ಬಂದು ಏನಾದ್ರೂ ಹೇಳಿಕೊಂಡ್ರೂ ಅಷ್ಟೇ, ನಿಮ್ಮನ್ನ ಕೇಳದೆ ನಿಮ್ಮ ಮನೆಯವರಿಗೂ ಹೇಳಲ್ಲ.’ ಎರಡನೇ ಮಾತಿಗೆ ಎಷ್ಟೋ ಜನ ತಣ್ಣಗಾಗುತ್ತಾರೆ. ಕೆಲವರು ಅಲ್ಲೇ ಕೂತು ತಮ್ಮ ಕಷ್ಟ ಹೇಳಿಕೊಳ್ಳಲು ಶುರು ಮಾಡುತ್ತಾರೆ.

ಆಶ್ರಯ ಗೃಹದಲ್ಲಿ ಇರುವವರ ವಿಷಯದಲ್ಲಂತೂ ಇನ್ನೂ ಬಿಗಿ ಬೇಕು. ಕೌಟುಂಬಿಕ ದೌರ್ಜನ್ಯ ತಡೆ ನಿಯಮಗಳ ಪ್ರಕಾರ, ಆಕೆ ಕೇಳಿಕೊಂಡರೆ ಆಕೆ ಅಲ್ಲಿರುವುದನ್ನು ಎದುರಾಳಿಗೆ ತಿಳಿಸಬಾರದು. ‘ರಾಜಿ ಪಂಚಾಯ್ತಿ ಮಾಡ್ತೀವಿ, ಎಲ್ಲಿದಾಳೆ ಹೇಳಿ’ ಎಂದು ಊರಿನ ದೊಡ್ಡವರು ಬಂದರೂ ಅದೇ ಉತ್ತರ. ಠಾಣೆಯಿಂದ ಎಂದು ಯಾರಾದರೂ ಫೋನಿನಲ್ಲಿ ವಿವರ ಕೇಳಿದರೆ ‘ಲಿಖಿತವಾಗಿ ಕಳಿಸಿ ಸರ್, ನಮ್ಮ ಮೇಲಧಿಕಾರಿಗಳ ಮೂಲಕ ಉತ್ತರ ಕೊಡ್ತೀವಿ’ ಎನ್ನಿ. ಫೋನಿನ ಆ ಕಡೆ ಇರುವುದು ನಿಜವಾಗಿ ಪೊಲೀಸರೋ, ಗಂಡನ ಸ್ನೇಹಿತನೋ, ನಮಗೆ ಕಾಣುವುದಿಲ್ಲ.

ಗ್ರೂಪು, ಫೋಟೋ, ಕಿಟ್ಟು

ಹಳ್ಳಿ ಮಟ್ಟದ ಕೆಲಸವೆಲ್ಲ ಈಗ ವಾಟ್ಸಾಪ್ ಗ್ರೂಪಿನಲ್ಲಿ ನಡೆಯುತ್ತದೆ. ಹೆಸರು, ಫೋನ್ ನಂಬರ್, ಕಾಯಿಲೆ, ಮೂರೂ ಇರುವ ಪಟ್ಟಿಯ ಫೋಟೋ ಹಾಕಿ ‘ಇವರನ್ನು ಫಾಲೋ ಮಾಡಿ’ ಎಂದು ಬರೆಯುತ್ತಾರೆ. ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೆ, ಅದರಲ್ಲಿ ವರ್ಗವಾಗಿ ಹೋದವರು ಎಷ್ಟು, ಮನೆಗೆ ಹೋದ ಮೇಲೆ ಆ ಫೋನಿನಲ್ಲಿ ಆಟ ಆಡುವ ಮಗ ಯಾರು, ಯಾರಿಗೂ ಗೊತ್ತಿಲ್ಲ. ಕೇಸ್ ನಂಬರ್ ಮಾತ್ರ ಹಾಕಿ, ಹೆಸರನ್ನು ಸಂಬಂಧಪಟ್ಟ ಒಬ್ಬರಿಗೆ ಫೋನ್ ಮಾಡಿ ಹೇಳಿದರೆ ಕೆಲಸ ಕೆಡುವುದಿಲ್ಲ. ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಗೆಂದೇ 2023ರಲ್ಲಿ ಕಾಯ್ದೆ ಬಂದಿದೆ.

ಫೋಟೋ ಇನ್ನೊಂದು ಸಂಕಟ. ಕ್ಷಯ ರೋಗಿಗಳಿಗೆ ಪೌಷ್ಟಿಕ ಆಹಾರದ ನೆರವು ಕೊಡುವ ನಿಕ್ಷಯ್ ಮಿತ್ರ ಯೋಜನೆ 2022ರಲ್ಲಿ ಶುರುವಾಯಿತು. ಒಳ್ಳೆಯ ಯೋಜನೆ. ದಾನಿಗಳ ಜೊತೆ ಹೆಸರು ಜೋಡಿಸುವ ಮುಂಚೆ ರೋಗಿಯ ಒಪ್ಪಿಗೆ ಪಡೆಯಬೇಕು ಎಂದು ಅದರಲ್ಲೇ ಇದೆ. ಆದರೆ ಕಿಟ್ ಕೊಡುವ ದಿನ ಸಾಲಾಗಿ ನಿಲ್ಲಿಸಿ, ಹಿಂದೆ ಬ್ಯಾನರ್ ಕಟ್ಟಿ, ‘ಕ್ಷಯ ರೋಗಿಗಳಿಗೆ ಕಿಟ್ ವಿತರಣೆ’ ಎಂದು ಫೋಟೋ ತೆಗೆದರೆ ಆ ಒಪ್ಪಿಗೆಗೆ ಏನು ಅರ್ಥ ಉಳಿಯಿತು? ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ ಆ ಒಂದು ಫೋಟೋ ಸಾಕು, ಗಂಡಿನವರು ಹಿಂದೆ ಸರಿಯುತ್ತಾರೆ. ಕಿಟ್ ಬೇಕಿದ್ದವರು ಫೋಟೋಗೆ ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ, ಅದೇ ಬೇಸರ. ದಾನಿಗಳ, ಅಧಿಕಾರಿಗಳ, ಜೋಡಿಸಿಟ್ಟ ಕಿಟ್‌ಗಳ ಫೋಟೋ ಹಾಕಿ. ಪತ್ರಿಕೆಗೆ ಅಷ್ಟು ಸಾಕು. ರೋಗಿಗೆ ಕಿಟ್ ಮನೆ ಬಾಗಿಲಿಗೆ ಹೋಗಲಿ.

ಬರೆದಿಟ್ಟಿದ್ದು

ಕ್ಲೈಂಟ್ ಹೇಳಿದ್ದನ್ನು ಬಹಿರಂಗಪಡಿಸುವಂತೆ ವಕೀಲರನ್ನು ಸಾಮಾನ್ಯವಾಗಿ ಒತ್ತಾಯಿಸುವಂತಿಲ್ಲ. ಸಾಕ್ಷ್ಯ ಕಾನೂನಿನಲ್ಲಿ ಅವರಿಗೆ ಆ ರಕ್ಷಣೆ ಇದೆ. ಸಮಾಜ ಕಾರ್ಯಕರ್ತರಿಗೆ ಇಲ್ಲ. ಕೋರ್ಟ್ ಸಮನ್ಸ್ ಕಳಿಸಿದರೆ ಹೋಗಬೇಕು, ಫೈಲ್ ಕೇಳಿದರೆ ಕೊಡಬೇಕು. ಆಗಲೂ ಮುಚ್ಚಿದ ಲಕೋಟೆಯಲ್ಲಿ ಕೊಡಲು, ಕೇಳಿದಷ್ಟನ್ನೇ ಕೊಡಲು ಅನುಮತಿ ಕೇಳಬಹುದು. ಪೋಕ್ಸೋ ವಿಚಾರಣೆ ಮುಚ್ಚಿದ ಕೋಣೆಯಲ್ಲೇ ನಡೆಯುತ್ತದೆ. ಕೌಟುಂಬಿಕ ದೌರ್ಜನ್ಯದ ಪ್ರಕರಣದಲ್ಲೂ ಒಬ್ಬರು ಕೇಳಿಕೊಂಡರೆ ಹಾಗೆ ನಡೆಸಬಹುದು.

ಅದಕ್ಕೇ ಬರೆಯುವಾಗಲೇ ಎಚ್ಚರ ಬೇಕು. ‘ಈಕೆ ಜಗಳಗಂಟಿ, ಹೊಂದಿಕೊಳ್ಳುವ ಸ್ವಭಾವ ಇಲ್ಲ’ ಎಂದು ಬರೆದರೆ ಅದು ನಮ್ಮ ತೀರ್ಪು. ‘ಎಡ ಮುಂಗೈ ಮೇಲೆ ಬಾವು ಇದೆ. ಸೋಮವಾರ ರಾತ್ರಿ ಗಂಡ ಸೌದೆಯಿಂದ ಹೊಡೆದರು ಎಂದು ಹೇಳಿದರು’ ಎಂದು ಬರೆದರೆ ಅದು ಕಂಡಿದ್ದು, ಕೇಳಿದ್ದು. ಒಂದು ದಿನ ಆಕೆಯೇ ಈ ಪುಟ ಓದಬಹುದು ಎಂದುಕೊಂಡು ಬರೆಯಿರಿ. ಮಾನಸಿಕ ಅಸ್ವಸ್ಥತೆ ಇರುವವರಿಗೆ ತಮ್ಮ ವೈದ್ಯಕೀಯ ದಾಖಲೆ ನೋಡುವ ಹಕ್ಕು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಇದೆ ಕೂಡ.

ಎಷ್ಟೇ ಎಚ್ಚರ ಇದ್ದರೂ ಕೆಲವೊಮ್ಮೆ ವಿಷಯ ಸೋರಿಹೋಗುತ್ತದೆ. ಆಗ ಮೊದಲು ತಿಳಿಯಬೇಕಾದವರು ಮೇಲಧಿಕಾರಿ ಅಲ್ಲ, ಯಾರ ವಿಷಯವೋ ಅವರು. ಗಂಡನಿಗೆ ಆಕೆ ಇರುವ ಜಾಗ ಗೊತ್ತಾಗಿದ್ದರೆ ಅವತ್ತೇ ಬೇರೆ ಕಡೆ ಕಳಿಸಬೇಕು. ಮುಜುಗರಕ್ಕೆ ಒಂದು ದಿನ ತಡ ಮಾಡಿದರೆ ಆಕೆಯ ಜೀವಕ್ಕೇ ಕುತ್ತು ಬರಬಹುದು.

ಇನ್ನು ಫೀಲ್ಡ್ ವರ್ಕ್ ರೆಕಾರ್ಡ್. ವಿದ್ಯಾರ್ಥಿಗಳು ವರ್ಷವಿಡೀ ಬರೆಯುತ್ತಾರೆ. ಹೆಸರನ್ನು ‘ಕಮಲಮ್ಮ’ ಎಂದು ಬದಲಿಸಿ, ಊರು, ಓಣಿ, ಗಂಡನ ಕೆಲಸ, ಮಕ್ಕಳ ಶಾಲೆ ಎಲ್ಲವನ್ನೂ ಹಾಗೇ ಬಿಡುತ್ತಾರೆ. ತಾಲ್ಲೂಕಿನ ಹೆಸರು ಬೇಡ, ‘ಒಂದು ಹಳ್ಳಿ’ ಸಾಕು. ಕಸುಬಿನ ಜಾಗದಲ್ಲಿ ‘ಕೂಲಿ’ ಸಾಕು. ವೈವಾ ಮುಗಿದ ಮೇಲೆ ಈ ಪುಸ್ತಕಗಳು ಎಲ್ಲಿಗೆ ಹೋಗುತ್ತವೆ ಎಂದು ನಿಮ್ಮ ವಿಭಾಗದಲ್ಲಿ ಕೇಳಿ ನೋಡಿ. ಬೀರು ತುಂಬಿದಾಗ ರದ್ದಿಗೆ ಹೋಗುವುದಾದರೆ ಅದನ್ನು ಈಗಲೇ ತಡೆಯಿರಿ. ರದ್ದಿ ಅಂಗಡಿಯಿಂದ ಅವು ಮಿರ್ಚಿ ಗಾಡಿಗೆ ಹೋಗುತ್ತವೆ, ಅಲ್ಲಿಂದ ಯಾರ ಕೈಗೋ. ಯಂತ್ರಕ್ಕೆ ಕೊಟ್ಟು ಚೂರು ಮಾಡಿಸಿ, ಇಲ್ಲದಿದ್ದರೆ ಎದುರಿಗೆ ನಿಂತು ಸುಡಿಸಿ, ಯಾವ ತಾರೀಖಿನಲ್ಲಿ ಎಷ್ಟು ಪುಸ್ತಕ ಎಂದು ರಿಜಿಸ್ಟರಿನಲ್ಲಿ ಬರೆದು ಇಬ್ಬರು ಸಹಿ ಹಾಕಿ.